ಅಮ್ಮನ ಆಪರೇಷನ್ನಿಗೆ ಹೂವು ಕೇಳಿದ್ದು

ಅಜ್ಜೀ,

ನೀನು ತೀರಿಕೊಳ್ಳುವ ಹಿಂದಿನ ವರ್ಷ, ಹಾಸ್ಟೆಲಿಂದ ರಜೆಗೆ ಬಂದಿದ್ದ ನನ್ನನ್ನು ಶಿವನಿ ಊರಿನ ಗುಡಿಗೆ ಕರೆದುಕೊಂಡು ಹೋಗಿದ್ದೆ. ದೇವರ ಮೈಗೆ ಅಂಟಿಸಿದ ಒದ್ದೆ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಓಹೋ, ಯೆಸ್-ನೋ ಕ್ವೆಶ್ಚನ್ ಅಂದೆ ನಾನು. "ಲೇ, ಇಂಗ್ಲಿಷಲ್ಲಿ ಕೇಳ್ಬೇಡ ಕಣೇ, ಅವನೇನು ನಿನ್ನಂಗೆ ಹಾಸ್ಟೆಲಲ್ಲಿ ಓದಿಲ್ಲ" ಅಂದಿದ್ದೆ ನೀನು. ಮನೆಯಲ್ಲಿ ಏನೇ ಇದ್ದರೂ ಹೂವು ಕೇಳುತ್ತಿದ್ದವಳು ನೀನು. ಈಗ ಯಾರು ಕೇಳಬೇಕು?

ಹೋದ ವಾರ ಶಿವಮೊಗ್ಗದಲ್ಲಿ ಡಾಕ್ಟರು ಸ್ಕ್ಯಾನ್ ತೋರಿಸಿದರು. ಅಮ್ಮನ ಲಿವರಿನಲ್ಲಿ ಮುಷ್ಟಿಯಷ್ಟು ಗೆಡ್ಡೆ. "ಕ್ಯಾನ್ಸರ್ ಅಲ್ಲ. ಆದ್ರೆ ಇಷ್ಟು ದೊಡ್ಡದು ಒಳಗೇ ಒಡೆದು ರಕ್ತ ಸೋರಬಹುದು, ಮುಂದೆ ಕೆಟ್ಟದ್ದಕ್ಕೂ ತಿರುಗಬಹುದು. ಆ ಭಾಗದ ಲಿವರ್ ಸಮೇತ ತೆಗೆದುಬಿಡೋಣ" ಅಂದರು. ಉಳಿದ ಲಿವರ್ ಮತ್ತೆ ಬೆಳೆಯುತ್ತದಂತೆ. ನಾನು ಕಡೂರಲ್ಲಿ ಬಿ.ಕಾಂ ಫಸ್ಟ್ ಇಯರ್ ಅಜ್ಜಿ, ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳುವಷ್ಟರಲ್ಲಿ ಬಾಯಿ ಒಣಗಿತು. ರಿಸ್ಕ್ ಇಲ್ವಾ ಸರ್ ಅಂದೆ. ಇದೆ ಅಂದರು. ಅದೊಂದನ್ನು ಮಾತ್ರ ಅಮ್ಮ ಸರಿಯಾಗಿ ಕೇಳಿಸಿಕೊಂಡಳು. ಅಪ್ಪ "ನೀನು ಓದಿದೋಳು, ನೀನೇ ಒಪ್ಸು" ಅಂತ ಜಾರಿಕೊಂಡ.

ಸೋಮವಾರ ಅಮ್ಮ ಒಬ್ಬಳೇ ಗುಡಿಗೆ ಹೋಗಿ, "ಇದು ಕ್ಯಾನ್ಸರ್ ಅಲ್ಲ ಅನ್ನೋದಾದ್ರೆ ಬಲಗಡೆ ಕೊಡಪ್ಪಾ" ಅಂತ ಕೇಳಿ ಬಂದಳು. ಕೇಳಿದ ತಕ್ಷಣ ಬಲಕ್ಕೆ ಬಿತ್ತಂತೆ. "ಆಯ್ತಲ್ಲ ಕಣೇ, ಇನ್ಯಾಕೆ ಹೊಟ್ಟೆ ಕುಯ್ಸಿಕೊಳ್ಳಲಿ?" ಡಾಕ್ಟರು ಹೇಳಿದ್ದೂ ಅದನ್ನೇ ಅಮ್ಮಾ, ಆಪರೇಷನ್ ವಿಷಯ ನೀನು ಕೇಳಲೇ ಇಲ್ಲವಲ್ಲ, ಇನ್ನೊಂದು ಸಲ ಹೋಗೋಣ ಅಂದೆ. ಅಂದ ಮೇಲೆ ನನಗೇ ಹೆದರಿಕೆ ಹತ್ತಿತು. ಎಡಕ್ಕೆ ಬಿದ್ದುಬಿಟ್ಟರೆ...

ನಿನ್ನೆ ಇಬ್ಬರೂ ಹೋದೆವು. ಅಮ್ಮ ಕೇಳಿದಳು. ಹೂವು ಬೀಳಲೇ ಇಲ್ಲ. "ಇನ್ನೊಂದಿನ ಬನ್ರಮ್ಮಾ, ಅವಸರ ಏನೈತೆ" ಅಂದರು ಪೂಜಾರರು. ಅವಸರ ಇತ್ತು. ಅಜ್ಜಂಪುರದ ಬಸ್ಸು ಹಾರ್ನ್ ಹೊಡೆಯುವವರೆಗೂ ಅಮ್ಮ ಕದಲಲಿಲ್ಲ. ಆಮೇಲೆ ಎದ್ದು ಸೆರಗು ಕೊಡವಿ, ನನ್ನ ಮುಖ ನೋಡದೆ ಅಂದಳು: "ಅವನು ಬಾಯಿ ಬಿಡ್ತಿಲ್ಲ. ನೀನೇ ಹೇಳ್ಬಿಡು. ಮಾಡಿಸ್ಕೊಳ್ಳಲಾ, ಬ್ಯಾಡ್ವಾ?"

ಮಾಡಿಸ್ಕೊ ಅಂದೆ.

ಆಯ್ತು ಬಿಡು ಅಂದು ಬಸ್ ಹತ್ತಿದಳು, ಕಿಟಕಿಗೆ ತಲೆಯಾನಿಸಿ ನಿದ್ದೆಯನ್ನೂ ಮಾಡಿದಳು. ಅಷ್ಟು ಬೇಗ ಹೇಗೆ ಹೇಳಿದೆ ನಾನು? ನೀನಿದ್ದಿದ್ದರೆ ಏನು ಹೇಳುತ್ತಿದ್ದೆ? ನಾಳೆ ಅಡ್ಮಿಟ್, ಶುಕ್ರವಾರ ಆಪರೇಷನ್. ನಿನ್ನ ಮಗಳು ಕಣ್ಣು ಬಿಡುವವರೆಗೂ ಆಪರೇಷನ್ ಥಿಯೇಟರಿನ ಬಾಗಿಲು ಬಿಟ್ಟು ಹೋಗುವುದಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ದೇವರನ್ನು ಬೈಯಬೇಡ ಅಜ್ಜಿ. ಹೇಳಿದವಳು ನಾನು.