ಶೇಂಗಾ ಹೊಲದಲ್ಲಿ ಇಳಿದ ವಿಮಾನ

೯-೧೦-೧೯೭೮, ಮಾನ್ವಿ
ಹಿರೇಕೊಟ್ನೆಕಲ್ ಸುತ್ತ ಹತ್ತಿಗೆ ಕಾಯಿಕೊರಕ ಹುಳು ಬಿದ್ದಿದೆ. ಕೃಷಿ ಇಲಾಖೆಯ ಸಾಬಣ್ಣ ತಿಳಿಸಿದರು. ವಿಮಾನದಿಂದ ಎರಡು ಟ್ರಿಪ್ ಔಷಧ ಹೊಡೆದೆ. ಮೂರನೆಯ ಹೊತ್ತಿಗೆ ಗಾಳಿ ಜೋರಾಯಿತು — ಬಿಟ್ಟೆ. ಎಂಜಿನ್ ಚೆನ್ನಾಗಿದೆ. ಪೆಟ್ರೋಲ್ ಅರ್ಧ ಟ್ಯಾಂಕ್ ಮಾತ್ರ. ಉಳಿದ ತೂಕ ಔಷಧಕ್ಕೆ ಬೇಕು ಎನ್ನುತ್ತದೆ ಕಂಪನಿ.

೧೦-೧೦
ಆಯುಧಪೂಜೆ. ಹಾರಾಟ ಇಲ್ಲ. ಔಷಧದ ಡ್ರಮ್ ಹೊರುವ ತಾಯಣ್ಣ ವಿಮಾನ ತೊಳೆದ. ಪ್ರೊಪೆಲರ್‌ಗೆ ಚೆಂಡುಹೂವಿನ ಹಾರ. ಗಂಧ, ಕುಂಕುಮ ಗಟ್ಟಿಯಾಗಿ ಕಲಸಿ ಚಕ್ರ, ಬಾಗಿಲು, ಎರಡೂ ರೆಕ್ಕೆಯ ಮೇಲಿನ ಟ್ಯಾಂಕ್ ಮುಚ್ಚಳ... ಯಾವುದನ್ನೂ ಬಿಡಲಿಲ್ಲ.
“ಸಾಕೋ ತಾಯಣ್ಣ.”
“ಇರ್ಲಿ ಬಿಡ್ರಿ ಸಾಹೇಬ್ರ. ಲಾರಿಗೇ ಇಷ್ಟು ಹಚ್ತಾರ. ಇದು ಮ್ಯಾಲ ಹಾರೂದು!”
ಕಾಯಿ ಒಡೆದದ್ದು ಮೆಕ್ಯಾನಿಕ್ ಬಂದೇನವಾಜ್. ಒಂದೇ ಏಟಿಗೆ.

೧೨-೧೦, ಸಂಜೆ. ಮಾನ್ವಿ ಆಸ್ಪತ್ರೆ
ಬದುಕಿದ್ದೇನೆ. ಎಡ ಮಣಿಕಟ್ಟು ಮುರಿದಿದೆ. ಬರೆಯುವ ಕೈ ಸರಿ ಇದೆ.
ಬೆಳಿಗ್ಗೆ ಕಡ್ಡಿ ಇಳಿಸಿ ಪೆಟ್ರೋಲ್ ನೋಡಿದ್ದೆ. ಅರ್ಧ ಟ್ಯಾಂಕ್. ಮುಚ್ಚಳದ ಮೇಲಿನ ಕುಂಕುಮ ಒಣಗಿತ್ತು; ಒರೆಸಲು ಮನಸ್ಸಾಗಲಿಲ್ಲ. ಔಷಧ ಮುಗಿಸಿ ಮರಳುವಾಗ ಎಂಜಿನ್ ಕೆಮ್ಮಿತು. ನಿಂತಿತು. ಎತ್ತರ ಕಡಿಮೆ. ಎದುರಿಗೆ ಶೇಂಗಾ ಹೊಲ ಒಂದೇ ಬಯಲು. ಹೊಲದ ತುಂಬ ಹೆಂಗಸರು, ತಲೆ ಬಗ್ಗಿಸಿ ಶೇಂಗಾ ಕೀಳುತ್ತಿದ್ದರು. ಕೂಗಿದರೂ ಕೇಳುವುದಿಲ್ಲ...
ಒಬ್ಬಾಕೆ ತಲೆ ಎತ್ತಿದಳು. ಕೈ ಬೀಸಿದಳು. ಎಲ್ಲರೂ ಬದುವಿನ ಕಡೆ ಓಡಿದರು. ಹೊಲ ಖಾಲಿ. ಇಳಿಸಿದೆ. ಚಕ್ರ ಕಿತ್ತುಹೋಗಿ, ಮೂಗು ನೆಲಕ್ಕೆ.
ಮೊದಲು ಬಂದವಳು ಆ ಕೈ ಬೀಸಿದವಳೇ — ಹೆಸರು ಬಾಲಮ್ಮ.
“ಯಪ್ಪಾ, ಮಾತಾಡು. ಜೀವ ಅದ ಇಲ್ಲ?”
“ಅದ, ಯವ್ವಾ.”
“ಅದನಾ? ಹಂಗಾರ ಹೇಳು, ಅಷ್ಟು ದೊಡ್ಡ ಆಕಾಶದಾಗ ಜಾಗ ಸಾಲಲಿಲ್ಲೇನು ನಿನಗ?”
ಯಾರಿಗೂ ಏನೂ ಆಗಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಯಾರಿಗೂ ಏನೂ ಆಗಿಲ್ಲ.

೧೪-೧೦, ರಾಯಚೂರು
ಪತ್ರಿಕೆಯಲ್ಲಿ ನಾಲ್ಕು ಸಾಲು: ಪೆಟ್ರೋಲ್ ಮುಗಿದು ವಿಮಾನ ನೆಲಕ್ಕೆ. ಹೇಳಿದವರು ನಮ್ಮ ಮ್ಯಾನೇಜರ್. ನೋಡದೆಯೇ. ತನಿಖೆ ಆಗುವ ತನಕ ವಿಮಾನಕ್ಕೆ ಪೊಲೀಸ್ ಕಾವಲು, ಯಾರೂ ಮುಟ್ಟುವಂತಿಲ್ಲ. ಅವರ ಮಾತೇ ನಿಂತರೆ ನನ್ನ ಲೈಸೆನ್ಸ್ ಹೋಗುತ್ತದೆ. ಬೇರೆ ಕೆಲಸ ಕಲಿತಿಲ್ಲ.
ಹೆಂಡತಿ ಗೋಪಮ್ಮ ಪತ್ರಿಕೆ ಕಸಿದುಕೊಂಡಳು. “ಪೆಟ್ರೋಲ್ ಮುಗದ್ರ ಮುಗೀಲಿ. ನೀವು ಮನಿಗೆ ಬಂದ್ರಲ್ಲ. ಉಣ್ಣಾಕ ಬರ್ರಿ.”
ಉಂಡೆ.

೧೮-೧೦, ಹಿರೇಕೊಟ್ನೆಕಲ್
ಪೆಟ್ರೋಲ್ ಇತ್ತು! ಹೈದರಾಬಾದಿನಿಂದ ಬಂದ ತನಿಖಾಧಿಕಾರಿಯೇ ಶೇಂಗಾ ಹೊಲಕ್ಕೆ ಬಂದು ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದರು. ಹಾಗಾದರೆ ಎಂಜಿನ್ ಯಾಕೆ ನಿಂತಿತು?
ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು. ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲೊಂದು ಸಣ್ಣ ತೂತು. ಅದಕ್ಕೆ ಬಾಯಿಟ್ಟು ಊದಿದರು. ಗಲ್ಲ ಉಬ್ಬಿತು, ಗಾಳಿ ಹೋಗಲಿಲ್ಲ. ಇನ್ನೊಂದು ಮುಚ್ಚಳವೂ ಹಾಗೆಯೇ. ಗಾಳಿ ಸಿಗದೆ ಪೆಟ್ರೋಲ್ ಇಳಿಯುವುದೇ ನಿಂತಿತ್ತು. ಅಧಿಕಾರಿಯ ತುಟಿ ಕೆಂಪು.
“ಎಲಿ-ಅಡಿಕಿ ಹಾಕ್ಕೊಂಡಂಗ ಕಾಣ್ತಾರ ನೋಡ್ರೆಬೇ!” — ಬಾಲಮ್ಮ.
ಅವರೂ ನಕ್ಕರು. ಆಮೇಲೆ ಕೇಳಿದರು: ತೂತಿನ ಮೇಲೆ ಈ ಕುಂಕುಮ ಹಚ್ಚಿದ್ದು ಯಾರು?
ತಾಯಣ್ಣ ಮುಂದೆ ಬಂದ. “ನಾನ್ರೀ. ನಮ್ಮ ಪೈಲಟ್ ಸಾಹೇಬ್ರದು ಏನೂ ತಪ್ಪಿಲ್ಲ. ನನ್ನ ಕೆಲಸದಿಂದ ತಗೀರಿ.”
ನಾನು ಹೇಳಿದೆ: ಪೂಜೆ ಇಡೀ ಕ್ಯಾಂಪಿನದು. ಕಾಯಿ ಒಡೆದವರು ಒಬ್ಬರು, ತಿಂದವರು ಎಲ್ಲರೂ. ಹಾರುವ ಮೊದಲು ಮುಚ್ಚಳ ನೋಡಿದವನು ನಾನು.
ಅಧಿಕಾರಿ ಕರವಸ್ತ್ರದಿಂದ ತುಟಿ ಒರೆಸಿಕೊಂಡರು. “ಮುಂದಿನ ವರ್ಷ ಪೂಜೆ ಚಕ್ರಕ್ಕೆ ಮಾಡಿ. ಮುಚ್ಚಳ ಬಿಡಿ.”
ಲೈಸೆನ್ಸ್ ಉಳಿಯಿತು. ತಾಯಣ್ಣನೂ ಉಳಿದ. ಅವನು ಸುಮ್ಮನೆ ನಿಂತಿದ್ದರೂ ನಡೆಯುತ್ತಿತ್ತು. ನಿಲ್ಲಲಿಲ್ಲ.

೩-೧೨, ದೇವದುರ್ಗ ಕ್ಯಾಂಪ್
ಕೈಯ ಪ್ಲಾಸ್ಟರ್ ಬಿಚ್ಚಿ ವಾರವಾಯಿತು. ಬೆರಳು ಆಡುತ್ತವೆ. ಹಾರಲು ಡಾಕ್ಟರ್ ಒಪ್ಪಿದ್ದಾರೆ. ವಿಮಾನ ರಿಪೇರಿ ಆಗಿ ಬಂದಿದೆ.
ಬರುವಾಗ ಬಾಲಮ್ಮನ ಮನೆಗೆ ಹೋಗಿದ್ದೆ. ಬಗ್ಗಿ ಕೆಲಸ ಮಾಡುತ್ತಿದ್ದವಳಿಗೆ ವಿಮಾನ ಬೀಳುತ್ತಿರುವುದು ಹೇಗೆ ಗೊತ್ತಾಯಿತು ಎಂದು ಕೇಳಿದೆ.
“ದಿನಾ ನಿನ್ನ ಸಪ್ಪಳಕ್ಕ ಬೈತಿದ್ದೆ ಯಪ್ಪಾ. ಅವತ್ತು ಬೈಯಾಕ ಬಾಯಿ ತಗದ್ರ, ಸಪ್ಪಳನ ಇಲ್ಲ.”
ಕಾಲಿಗೆ ಬಿದ್ದೆ. ಬೈದಳು.
ನಾಳೆ ಬೆಳಿಗ್ಗೆ ಆರಕ್ಕೆ ಅರಕೇರಾದ ಹತ್ತಿ ಹೊಲಕ್ಕೆ. ಮೊದಲ ಟ್ರಿಪ್.