ವಿಭೂತಿ ಬೆರಳಿನ ಪ್ರತಾಪ

ಅತ್ತೆ,

ಎಂಟರ ಬಸ್ಸಿಗೆ ಶಿವಮೊಗ್ಗಕ್ಕೆ, ನಮ್ಮ ಮನಸ್ಸಿನ ಡಾಕ್ಟರ ಹತ್ರ ಹೊರಟೆ. ಗಾಬರಿಯಾಗಬ್ಯಾಡ್ರಿ, ನನಗೇನೂ ಆಗಿಲ್ಲ. ಇದೆಲ್ಲ ನಿಮ್ಮ ಬೆರಳಿನ ಪ್ರತಾಪ.

ದಿನಾ ಬೆಳಗ್ಗೆ "ಇವತ್ತು ಹೇಗಿದ್ದೀರಿ?" ಅಂತ ಡಾಕ್ಟರು ನನ್ನ ಫೋನಿಗೆ ಹಾಕ್ಕೊಟ್ಟಿರೋ ಆ ಆ್ಯಪ್ ಕೇಳೋದು ನನ್ನನ್ನ. ಹನ್ನೆರಡು ದಿನದಿಂದ ಕೇಳ್ತಾನೇ ಇಲ್ಲ, ಮುನಿಸ್ಕೊಂಡೈತೇನೋ ಅಂದ್ಕೊಂಡಿದ್ದೆ. ನೋಡಿದ್ರೆ, ನಾನು ಹಿತ್ತಲಲ್ಲಿದ್ದಾಗ ಯಾರೋ ದಿನಾ ನನ್ನ ಬದಲು ಉತ್ತರಕ್ಕೆ ಬಿದ್ದು ಬಿದ್ದು ನಗೋ ಮುಖದ ಚಿತ್ರ ಒತ್ತಿದ್ದಾರೆ. ಯಾರು ಅಂತ ಕೇಳಲ್ಲ. ಫೋನಿನ ಗಾಜಿನ ಮೇಲೆ ವಿಭೂತಿ ಐತೆ.

"ಸೊಸೆ ನಗ್ತಾ ಇರ್ಲಿ" ಅಂತ ದೇವರ ಮುಂದೆ ಬೇಡ್ಕೊಳ್ರಿ, ಫೋನಿನ ಮುಂದೆ ಬ್ಯಾಡ. ನನ್ನ ಕಾಯಿಲೆಗೆ ಅತಿ ನಗುನೂ ಅಪಾಯ. ಹೋದ ಸಲ ಹಂಗೆ ನಗ್ತಾನೇ ಅಲ್ವಾ ನಿಮ್ಮ ರೇಷ್ಮೆ ಸೀರೆಗಳನ್ನ ಓಣಿಗೆಲ್ಲ ಹಂಚಿದ್ದು? ಈಗ ಹನ್ನೆರಡು ದಿನದ ನಗು ನೋಡಿ ಆ್ಯಪ್ ಹೆದರಿ ಡಾಕ್ಟರಿಗೆ ಸುದ್ದಿ ಮುಟ್ಟಿಸೈತೆ. ಅವರು ಇವತ್ತೇ ಬಾ ಅಂದ್ರು.

ಸಾರು ಬಿಸಿ ಮಾಡ್ಕೊಳ್ರಿ. ಬಿ.ಪಿ. ಮಾತ್ರೆ ಮರೀಬ್ಯಾಡ್ರಿ, ನಿಮ್ಮ ಬದಲು ನಾನು ನುಂಗಾಕೆ ಬರಲ್ಲ.

ಇವತ್ತು ನಾನೇ ಒತ್ತಿದೆ, ನಡುವಿನ ಮುಖ. ನಗುನೂ ಇಲ್ಲ, ಅಳುನೂ ಇಲ್ಲ. ಆ ಮುಖ ನನಗೆ ಬರ್ಲಿ ಅಂತಾನೇ ಅಲ್ವಾ, ಆರು ವರ್ಷದಿಂದ ನೀವು ದಿನಾ ನನ್ನ ಅಂಗೈಗೆ ಮಾತ್ರೆ ಇಡ್ತಿರೋದು?

ಶಿವಲೀಲಾ