ನೀಲಗಿರಿ ಎಂಬ ಹೆಸರಿಗೆ ಎದ್ದ ಕೈಗಳು

ನಮ್ಮ ಕೌನ್ಸಿಲ್‌ನಲ್ಲಿ ಮರಗಳ ಅಳಿವು ಉಳಿವು ನಿರ್ಧರಿಸುವ ಮಾನ್ಯರೇ,

‘ಮರದ ಪಕ್ಕ ಮರವಿದ್ದರೆ’ ಎಂದು ಶುರುವಾಗುವ ಸಾಲೊಂದನ್ನು ಎಲ್ಲೋ ಓದಿದ್ದೆ. ‘ಬಿಸಿಲಿಗೂ ಭಯ’ ಎಂದು ಮುಗಿಯುತ್ತಿತ್ತೋ, ‘ಬಿಸಿಲಿಗೇನು ಭಯ’ ಎಂದೋ, ಈಗ ನೆನಪಿಲ್ಲ. ಎರಡನ್ನೂ ನಾನು ಪೂರ್ತಿ ನಂಬಲಾರೆ. ಮಳೆಯಿಲ್ಲದ ವರ್ಷ ಪಕ್ಕದ ಮರ ನೆಂಟನಲ್ಲ, ಒಂದೇ ಕೊಡಕ್ಕೆ ಕೈಹಾಕಿದ ಎದುರಾಳಿ. ಫೆಬ್ರವರಿಯಲ್ಲಿ ನಿಮ್ಮ ಗ್ರಂಥಾಲಯದಲ್ಲಿ ಹೀಗೆಂದವಳು ನಾನೇ. ಆ ಮಾತನ್ನೇ ಹಿಡಿದು ನೀವು ಈಗ ನಮ್ಮ ಮನೆಗಳ ಹಿಂದಿನ ಕಾಡಿನ ಹಳೆಯ ಮರಗಳನ್ನು ಉರುಳಿಸಲು ಹೊರಟಿದ್ದೀರಿ. ಈಸ್ಟರ್ ರಜೆ ಮುಗಿದ ಕೂಡಲೇ ಗರಗಸ ಬರುತ್ತದಂತೆ.

ನಾನು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ನನ್ನ ವಿಷಯ ದೂರದ ಉತ್ತರದ ಸ್ಪ್ರೂಸ್ ಎಂಬ ಸೂಜಿಯೆಲೆ ಮರಗಳ ಕಾಡುಗಳು. ಹಿಮ ಬೀಳುವ ನಾಡಾದರೂ ಅಲ್ಲಿ ಮಳೆ ಕಡಿಮೆ, ಕಾಡು ಬಾಯಾರುತ್ತದೆ. ಕಾಂಡದಿಂದ ಪೆನ್ಸಿಲ್‌ನಷ್ಟು ಸಣ್ಣ ತುಂಡು ತೆಗೆದು ಅದರ ಉಂಗುರಗಳನ್ನು ಅಳೆಯುವುದು ನನ್ನ ಕೆಲಸ. ಒತ್ತೊತ್ತಾಗಿ ನಿಂತ ಮರಗಳಲ್ಲಿ ಬರದ ವರ್ಷದ ಉಂಗುರ ಕೂದಲೆಳೆಯಂತಿದೆ. ಬಿಡಿಬಿಡಿಯಾಗಿ ನಿಂತವು ಅದೇ ವರ್ಷವನ್ನು ಹೇಗೋ ದಾಟಿವೆ, ಮಳೆ ಬಂದಾಗ ಬೇಗ ಚೇತರಿಸಿಕೊಂಡಿವೆ. ಆದ್ದರಿಂದ ಕಾಡನ್ನು ಸ್ವಲ್ಪ ತೆಳುಮಾಡಿದರೆ ಉಳಿದ ಮರಗಳಿಗೆ ನೀರು ಸಿಕ್ಕೀತು ಎಂದೆ. ಅದರ ಜೊತೆಗೆ ಇನ್ನೆರಡು ಮಾತೂ ಹೇಳಿದ್ದೆ. ಸ್ಪ್ರೂಸ್‌ನ ಲೆಕ್ಕ ಇಲ್ಲಿನ ಗಮ್ ಮರಕ್ಕೆ, ಅಂದರೆ ಯೂಕಲಿಪ್ಟಸ್‌ಗೆ, ಹಾಗೇ ಹೊಂದುತ್ತದೆಂದು ತಿಳಿಯಬೇಡಿ. ತೆಗೆಯುವುದಾದರೆ ಒತ್ತಾಗಿ ಬೆಳೆದ ಬಡಕಲು ಗಿಡಗಳನ್ನು ತೆಗೆಯಿರಿ. ನನ್ನ ಹೆಸರು ಹಾಕಿ ಹೊರಡಿಸಿದ ನಿಮ್ಮ ಪ್ರಕಟಣೆಯಲ್ಲಿ ಇವೆರಡೂ ಇಲ್ಲ. ನನ್ನ ಭಾಷಣವನ್ನೂ ತೆಳುಮಾಡಿದ್ದೀರೆಂದು ಕಾಣುತ್ತದೆ.

ಹೋಗಿ ನೋಡಿದೆ. ನಿಮ್ಮವರು ಹಳದಿ ಬಣ್ಣ ಬಳಿದಿರುವುದು ನನ್ನ ತೋಳಿನ ತೆಕ್ಕೆಗೆ ಸಿಗದ ಮರಗಳಿಗೆ. ಅವುಗಳ ನಡುವೆ ಉಸಿರುಗಟ್ಟಿ ನಿಂತಿರುವ ಕೋಲಿನಂಥ ಗಿಡಗಳಿಗೆ ಒಂದು ಚುಕ್ಕೆಯೂ ಇಲ್ಲ. ಮೂಲಂಗಿ ಪಾತಿ ಮಾಡಿದವರಿಗೆಲ್ಲ ಗೊತ್ತು, ತೆಳುಮಾಡುವಾಗ ಕೀಳುವುದು ಸಣ್ಣ ಸಸಿಯನ್ನು. ದಪ್ಪ ಮೂಲಂಗಿಯನ್ನು ಕಿತ್ತರೆ ಅದಕ್ಕೆ ಕೊಯ್ಲು ಎನ್ನುತ್ತಾರೆ. ಇನ್ನೊಂದು ವಿಚಿತ್ರ: ಬಣ್ಣದ ಮರಗಳೆಲ್ಲ ಇರುವುದು ಪೂರ್ವದ ಬೇಲಿಯ ಪಕ್ಕ, ಹೊಸ ಸೈಟುಗಳ ಬೋರ್ಡು ಎದ್ದಿರುವ ಕಡೆ. ಬರಗಾಲ ಬೇಲಿ ನೋಡಿಕೊಂಡು ಬಂತೇ? ಕಾಕತಾಳೀಯವೇ ಇರಬಹುದು. ಆದರೆ ಅದನ್ನು ನಿಮ್ಮ ಬಾಯಿಂದಲೇ ಕೇಳುವ ಆಸೆ.

ಇನ್ನು ನೀವು ಹೇಳಿಕೊಳ್ಳುವ ‘ಭಾರತೀಯ ನಿವಾಸಿಗಳ ಪೂರ್ಣ ಬೆಂಬಲ’. ಬಸ್ ಸ್ಟಾಪಿಗೊಂದು ನೆರಳು ಹಾಕಿಸಿ ಎಂದು ನಾವು ಬರೆದಾಗ ನಿಮಗೆ ನಮ್ಮ ವಿಳಾಸವೇ ಸಿಕ್ಕಿರಲಿಲ್ಲ. ಅಂಥವರು ಈ ಸಲ ಯುಗಾದಿ ಊಟಕ್ಕೆ ಹುಡುಕಿಕೊಂಡು ಪ್ರತಿನಿಧಿಯನ್ನು ಕಳಿಸಿದಿರಿ. ಆತ ಇಂಗ್ಲಿಷಿನಲ್ಲಿ ವಿವರಿಸಿದರು, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಮಹತಿ ಕನ್ನಡದಲ್ಲಿ ಹೇಳಿದಳು.

“ಯಾವ ಮರ ಅಂತಮ್ಮಾ?” ಎಂದರು ನನ್ನ ಪಕ್ಕದ ಮನೆಯ ಸತ್ಯನಾರಾಯಣ ಅವರು, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ. ಅವರು ನಿವೃತ್ತ ಎಂಜಿನಿಯರು.

“ಯೂಕಲಿಪ್ಟಸ್, ಅಂಕಲ್.”

“ಅಯ್ಯೋ, ನೀಲಗಿರಿನಾ? ಕಡೀಲಿ ಬಿಡು! ಕೋಲಾರದಲ್ಲಿ ಸರ್ವಿಸ್ ಮಾಡ್ದೋನು ನಾನು. ಬೋರ್‌ವೆಲ್ ನೀರೆಲ್ಲಾ ಅದೇ ಕುಡಿದುಬಿಡ್ತು.”

“ಅಂಕಲ್, ಇಲ್ಲಿ ಅದು ಲೋಕಲ್ ಮರ,” ಎಂದೆ ನಾನು.

“ಲೋಕಲ್ ಆದ್ರೆ ಕುಡಿಯಲ್ವಾ? ಶುಕ್ರವಾರ ಸಂಜೆ ನೋಡಿಲ್ವಾ ನೀನು, ಇಲ್ಲಿ ಲೋಕಲ್‌ನೋರೇ ಜಾಸ್ತಿ ಕುಡಿಯೋದು!”

ಹಾಲ್ ತುಂಬಾ ನಗು. ಆ ನಗುವಿನಲ್ಲೇ ಮಹತಿ “ಹಾಗಾದ್ರೆ ಎಲ್ರೂ ಓಕೇನಾ?” ಎಂದಳು, ಕೈಗಳು ಎದ್ದವು, ನಿಮ್ಮ ಪ್ರತಿನಿಧಿ ಫೋಟೋ ತೆಗೆದುಕೊಂಡರು. ಹೀಗೆ, ಊರಲ್ಲಿ ನಾವು ಬೈದು ಬಂದ ಒಂದು ಹೆಸರಿಗೆ ಎದ್ದ ಕೈಗಳು ಇಲ್ಲಿನ ಮರಗಳ ವಿರುದ್ಧ ಸಾಕ್ಷಿಯಾದವು. ಆ ಫೋಟೋದಲ್ಲಿ ಕೈ ಎತ್ತದೆ ನಿಂತವಳು ನಾನು. ‘ಪೂರ್ಣ’ ಎಂದು ಬರೆಯುವಾಗ ನನ್ನನ್ನು ಎಲ್ಲಿ ಇಟ್ಟಿರಿ?

ಇಂಗ್ಲಿಷಿನಲ್ಲಿ ಬರೆದ ಪತ್ರ ನಿಮಗೆ ಆಗಲೇ ತಲುಪಿದೆ, ಉತ್ತರ ಬಂದಿಲ್ಲ. ಸಿಡ್ನಿ, ಮೆಲ್ಬರ್ನ್ ಕನ್ನಡಿಗರು ಓದುವ ಈ ಪತ್ರಿಕೆಯಲ್ಲಿ ಮತ್ತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮಗೆ ಒಪ್ಪಿಗೆ ಸಿಕ್ಕಿದ್ದು ಕನ್ನಡದ ಒಂದು ಪದದಿಂದ, ಅದನ್ನು ಹಿಂದಕ್ಕೆ ಪಡೆಯುವುದೂ ಕನ್ನಡದಲ್ಲೇ ಆಗಲಿ. ನಾನು ಕೇಳುವುದು ಇಷ್ಟು. ಗರಗಸ ಬರುವ ಮುನ್ನ ನೀವೇ ಆ ಕಾಡಿಗೆ ಬನ್ನಿ. ಹಳದಿ ಬಣ್ಣದ ಒಂದೊಂದು ಮರದ ಮುಂದೆ ನಿಂತು, ಇದೇ ಏಕೆ, ಪಕ್ಕದ ಬಡಕಲು ಗಿಡ ಏಕಲ್ಲ ಎಂದು ನಮಗೆ ಹೇಳಿ. ಹೇಳಲಾಗದಿದ್ದರೆ ಆ ಮರಗಳನ್ನು ಬಿಡಿ, ನನ್ನ ಹೆಸರನ್ನೂ ಬಿಡಿ.

ಇಂತಿ,
ತಾನು ಒಪ್ಪಿದ್ದೇನೆಂದು ನಿಮ್ಮ ಪ್ರಕಟಣೆ ಓದಿ ತಿಳಿದುಕೊಂಡ,
ಸಂಯುಕ್ತಾ

ತಾ.ಕ.: ಅಚ್ಚಿಗೆ ಕಳಿಸುವ ಮುನ್ನ ಇದನ್ನು ಸತ್ಯನಾರಾಯಣ ಅವರಿಗೆ ಓದಲು ಕೊಟ್ಟಿದ್ದೆ, ಅವರ ಹೆಸರೂ ಇದೆಯಲ್ಲ. ಬೆಳಿಗ್ಗೆ ಬಾಗಿಲು ತಟ್ಟಿದರು. ಸ್ನಾನದ ನೀರು ಹಿಡಿದ ಬಕೆಟ್ ಕೈಯಲ್ಲೇ ಇತ್ತು, ಕರಿಬೇವಿನ ಗಿಡಕ್ಕೆ ಹೊರಟಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ನಾನು ಕೈ ಎತ್ತಿದ್ದು ಕೋಲಾರದ ನೀಲಗಿರಿಗೆ ಕಣಮ್ಮ,” ಎಂದರು. “ಅದು ಹೊರಗಿಂದ ಬಂದು ನೀರು ಕುಡೀತು ಅಂತ ತಾನೇ ನಮ್ಮ ತಕರಾರು? ಇಲ್ಲಿ ಹೊರಗಿಂದ ಬಂದೋನು ನಾನು. ಕೈ ಇಳಿಸಿದೀನಿ ಅಂತ ಬರಿ.”